ಕೊಳವೆ ಪಾಸು, ವರದಿ ನಪಾಸು

ಶಾಲೆಯ ಮಕ್ಕಳ ಮುಂದೆ ಪ್ಲಾಸ್ಟಿಕ್ ಲೋಟ ಹಿಡಿದು ನಿಂತು, "ಇದರಲ್ಲಿ ಮೂತ್ರ ಹಿಡಿದು ತನ್ನಿ" ಎಂದು ಹೇಳುವ ಕೆಲಸವನ್ನು, ಮಕ್ಕಳಿಗೆ ಅಯೋಡಿನ್ ಸಾಕಷ್ಟು ಸಿಗುತ್ತಿದೆಯೇ ಎಂದು ನೋಡುವ ಸಮೀಕ್ಷೆಗಾಗಿ ನಾನು ಹತ್ತೊಂಬತ್ತು ವರ್ಷ ಮಾಡಿದ್ದೇನೆ. ಹಾಗೆಂದ ಕೂಡಲೇ ತರಗತಿಯಲ್ಲಿ ಏನಾಗುತ್ತದೆ ಎಂಬುದು ನನಗೆ ಬಾಯಿಪಾಠ. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು, ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿದ ಮೌನ. ಹತ್ತು ಹನ್ನೊಂದರ ಹೆಣ್ಣುಮಕ್ಕಳು ಲೋಟವನ್ನು ನೋಟ್‌ಬುಕ್ಕಿನ ಮರೆಯಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಹೋದವರಲ್ಲಿ ಕೆಲವರು ಗಂಟೆ ಹೊಡೆಯುವವರೆಗೂ ತಿರುಗಿ ಬರುವುದಿಲ್ಲ. ಒಬ್ಬ ಪುಣ್ಯಾತ್ಮ ನಲ್ಲಿಯ ನೀರನ್ನೇ ಹಿಡಿದು ತಂದುಕೊಟ್ಟಿದ್ದ. ಬಣ್ಣವಿಲ್ಲ, ವಾಸನೆಯಿಲ್ಲ, ಅಯೋಡಿನ್ ಅಂತೂ ಇಲ್ಲವೇ ಇಲ್ಲ. ಪ್ರಯೋಗಾಲಯದಲ್ಲಿ ಆ ಫಲಿತಾಂಶ ನೋಡಿ ಒಂದು ಕ್ಷಣ ಆ ಹುಡುಗನ ಬಗ್ಗೆ ಮರುಗಿದ್ದೆ, ಆಮೇಲೆ ಲೋಟವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆ.

ಆದ್ದರಿಂದ ಜೊಲ್ಲಿನಲ್ಲೇ ಅಯೋಡಿನ್ ಅಳೆಯುವ ಕಿಟ್ ಒಂದನ್ನು ನಮ್ಮ ಸಮೀಕ್ಷೆಯಲ್ಲಿ ಬಳಸಿ ನೋಡಬೇಕು ಎಂಬ ಮಾತು ಬಂದಾಗ ಮೊದಲು ಕೈ ಎತ್ತಿದವಳು ನಾನೇ. ಕಂಪನಿಯ ಹೆಸರು ಇಲ್ಲಿ ಬೇಡ. ಎರಡು ತಿಂಗಳು ಬಳಸಿದ ಮೇಲೆ ಕಂಡದ್ದನ್ನು ಬರೆಯುತ್ತಿದ್ದೇನೆ. ಇಂಥ ಕಿಟ್ ಕೊಳ್ಳಲು ಹೊರಟ ಆರೋಗ್ಯ ಇಲಾಖೆಯವರು, ಸಂಶೋಧಕರು, ಶಾಲೆಯ ಆಡಳಿತದವರು ಯಾರಾದರೂ ಇದ್ದರೆ ಅವರಿಗೆ ಉಪಯೋಗವಾದೀತು.

ಪೆಟ್ಟಿಗೆಯಲ್ಲಿ ಬರುವುದು ಇಷ್ಟು: ಎರಡು ಮಿಲಿಲೀಟರ್‌ವರೆಗೆ ಗೆರೆ ಇರುವ, ತಿರುಪಿನ ಮುಚ್ಚಳದ ಪಾಲಿಪ್ರೊಪಿಲೀನ್ ಕೊಳವೆ, ಅದರ ಬಾಯಿಗೆ ಸಿಕ್ಕಿಸಲು ಒಂದು ಗಿಡ್ಡ ಸ್ಟ್ರಾ, ಬಾರ್‌ಕೋಡ್ ಚೀಟಿ, ಜಿಪ್ ಚೀಲ ಮತ್ತು ಸೂಚನೆಯ ಹಾಳೆ. ಚಿಕ್ಕ ಮಕ್ಕಳಿಗೆಂದು ಬೇರೆ ಪೊಟ್ಟಣದಲ್ಲಿ ಹತ್ತಿಯ ಸುರುಳಿ. ತುಂಬಿದ ಕೊಳವೆಗಳನ್ನು ತಣ್ಣಗಿಟ್ಟು ಕಂಪನಿಯ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅವರು ಅದನ್ನು ಧಾತುಗಳನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲೂ ಅಳೆಯಬಲ್ಲ ಐಸಿಪಿ-ಎಂಎಸ್ ಯಂತ್ರದಲ್ಲಿ ಓಡಿಸಿ ವರದಿ ಕಳುಹಿಸುತ್ತಾರೆ. ನಾನು ಪ್ರತಿ ಕೊಳವೆಯಿಂದಲೂ ಅರ್ಧದಷ್ಟನ್ನು ನಮ್ಮ ಫ್ರೀಜರ್‌ನಲ್ಲಿ ಉಳಿಸಿಕೊಂಡೆ. ಇದು ಕಂಪನಿಯ ಮೇಲಿನ ಅಪನಂಬಿಕೆಯೇನಲ್ಲ, ಹಳೆಯ ಚಾಳಿ.

ಮೊದಲ ದಿನದ ತರಗತಿ ಚೆನ್ನಾಗಿ ನೆನಪಿದೆ. ಸೂಚನೆಯ ಹಾಳೆಯಲ್ಲಿ "ಲಾಲಾರಸವನ್ನು ಸಂಗ್ರಹಿಸಿ" ಎಂದಿತ್ತು. ಮಕ್ಕಳು ನನ್ನ ಮುಖ ನೋಡಿದರು. "ಜೊಲ್ಲು ಕಣ್ರೋ" ಎಂದೆ. ಎಲ್ಲರಿಗೂ ಅರ್ಥವಾಯಿತು. ಮುಂದೆ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಉಗುಳಿದರೆ ಬೈಯುತ್ತೀರಿ, ಈಗ ನೀವೇ ಉಗುಳು ಎನ್ನುತ್ತೀರಿ" ಎಂದಳು. ಉಗುಳುವುದಲ್ಲ, ತಲೆ ತಗ್ಗಿಸಿ ಬಾಯಲ್ಲಿ ತಾನಾಗಿ ತುಂಬಿದ್ದನ್ನು ಸ್ಟ್ರಾದ ಮೂಲಕ ಜಾರಿಬಿಡುವುದು ಎಂದು ತೋರಿಸಿಕೊಟ್ಟೆ. ಕ್ಯಾಕರಿಸಿ ಉಗುಳಿದರೆ ನೊರೆ ಬರುತ್ತದೆ, ಗಂಟಲ ಕಫವೂ ಸೇರಿಕೊಳ್ಳುತ್ತದೆ. ಐದಾರು ನಿಮಿಷದಲ್ಲಿ ಹೆಚ್ಚಿನವರ ಕೊಳವೆ ಒಂದು ಮಿಲಿಲೀಟರ್ ಗೆರೆ ದಾಟಿತ್ತು. ಯಾರೂ ಕೋಣೆ ಬಿಟ್ಟು ಹೋಗಲಿಲ್ಲ, ಯಾರೂ ಏನನ್ನೂ ಮರೆಮಾಚಲಿಲ್ಲ, ಮತ್ತು ಎಲ್ಲವೂ ನನ್ನ ಕಣ್ಣೆದುರೇ ನಡೆದದ್ದರಿಂದ ನಲ್ಲಿ ನೀರಿನ ಭಯವೂ ಇರಲಿಲ್ಲ. ಇಡೀ ತರಗತಿ ಒಂದು ಪಾಠದ ಅವಧಿಯೊಳಗೆ ಮುಗಿಯಿತು. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಆದದ್ದು ಅದೇ ಮೊದಲು.

ಒಂದೇ ಒಂದು ಎಡವಟ್ಟು ಆಯಿತು. ಮಕ್ಕಳಿಗೆ ಜೊಲ್ಲು ಬರುತ್ತಿಲ್ಲವೆಂದು ಕರುಣೆಯಿಂದ ಅವರ ಶಿಕ್ಷಕರು ಎರಡು ಸಾಲಿನವರಿಗೆ ಹುಳಿ ಮಿಠಾಯಿ ಹಂಚಿಬಿಟ್ಟಿದ್ದರು. ಬಾಯಲ್ಲಿ ನೀರೂರಿತು, ಕೊಳವೆಗಳು ನಿಮಿಷದಲ್ಲಿ ತುಂಬಿದವು, ನಾನು ಹಣೆ ಚಚ್ಚಿಕೊಂಡೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಅರ್ಧ ಮಿಲಿಲೀಟರ್‌ಗೂ ಕಡಿಮೆ ಒಸರುವ ಜೊಲ್ಲು ಹುಳಿ ತಗುಲಿದರೆ ಹಲವು ಪಟ್ಟು ಹೆಚ್ಚುತ್ತದೆ. ಹರಿವು ಹೆಚ್ಚಿದಂತೆ ಅದರಲ್ಲಿನ ಅಯೋಡೈಡ್, ಅಂದರೆ ದೇಹದಲ್ಲಿ ಅಯೋಡಿನ್ ಸಂಚರಿಸುವ ರೂಪ, ತೆಳ್ಳಗಾಗುತ್ತದೆ. ಆ ಎರಡು ಸಾಲಿನ ಕೊಳವೆಗಳನ್ನು ಪಕ್ಕಕ್ಕಿಟ್ಟೆ. ಸೂಚನೆಯ ಹಾಳೆಯಲ್ಲಿ ಊಟ ಮತ್ತು ಹಲ್ಲುಜ್ಜುವುದರ ಬಗ್ಗೆ ಎಚ್ಚರಿಕೆ ಇದೆ, ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ.

ಅಷ್ಟಕ್ಕೂ ಜೊಲ್ಲಿನಲ್ಲಿ ಅಯೋಡಿನ್‌ಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡೈಡನ್ನು ಎಳೆದುಕೊಳ್ಳುವುದು ತನ್ನ ಜೀವಕೋಶಗಳ ಪೊರೆಯಲ್ಲಿರುವ ಒಂದು ಪ್ರೋಟೀನಿನ ಮೂಲಕ. ಅದರ ಹೆಸರು ಸೋಡಿಯಂ-ಅಯೋಡೈಡ್ ಸಿಂಪೋರ್ಟರ್. ಎರಡು ಸೋಡಿಯಂ ಅಯಾನುಗಳನ್ನು ಜೊತೆಗೆ ಕರೆದುಕೊಂಡು ಒಂದು ಅಯೋಡೈಡನ್ನು ಒಳಕ್ಕೆ ತರುವುದು ಅದರ ಕಸುಬು. 1996ರಲ್ಲಿ ಅದರ ಜೀನ್ ಪತ್ತೆಯಾದ ಮೇಲೆ ಹುಡುಕಿದರೆ ಲಾಲಾಗ್ರಂಥಿಗಳಲ್ಲಿ, ಜಠರದ ಒಳಪದರದಲ್ಲಿ, ಹಾಲೂಡಿಸುವ ತಾಯಿಯ ಸ್ತನದಲ್ಲಿ ಕೂಡ ಅದೇ ಪ್ರೋಟೀನ್ ಸಿಕ್ಕಿತು. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಅಯೋಡಿನ್ ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ಬಾಯಿ ಒಣಗುವುದು, ಕೆನ್ನೆಯ ಬುಡ ಊದುವುದು ಇದೇ ಕಾರಣಕ್ಕೆ. ಕ್ಯಾನ್ಸರಿಗೆಂದು ಕೊಟ್ಟ ಅಯೋಡಿನ್‌ನಲ್ಲಿ ಲಾಲಾಗ್ರಂಥಿಯೂ ಪಾಲು ಕೇಳುತ್ತದೆ. ಹಾಗಾಗಿ ಜೊಲ್ಲಿನಲ್ಲಿ ಅಯೋಡೈಡ್ ರಕ್ತದಲ್ಲಿರುವುದಕ್ಕಿಂತ ಬಹಳ ದಟ್ಟವಾಗಿರುತ್ತದೆ, ಅಳೆಯುವವರಿಗೆ ಅನುಕೂಲ.

ಆದರೆ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಏಕೆಂದರೆ ನನ್ನ ಜಗಳವೆಲ್ಲ ಅಲ್ಲೇ ಇರುವುದು. ತಿಂದ ಅಯೋಡಿನ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕೊನೆಗೆ ಮೂತ್ರದಲ್ಲಿ ಹೊರಹೋಗುತ್ತದೆ. ಹೊರಹೋದದ್ದನ್ನು ಎಣಿಸಿದರೆ ಒಳಬಂದದ್ದು ಎಷ್ಟು ಎಂದು ಲೆಕ್ಕ ಹಾಕಬಹುದು. ಮೂತ್ರದ ಪ್ರತಿ ಲೀಟರಿನ ಮೈಕ್ರೋಗ್ರಾಂಗಳನ್ನು 0.0235ರಿಂದಲೂ ದೇಹದ ತೂಕದಿಂದಲೂ ಗುಣಿಸಿದರೆ ದಿನದ ಸೇವನೆ ಸಿಗುತ್ತದೆ ಎಂಬುದು ನಾವು ಬಳಸುವ ಸೂತ್ರ. ಸುಮಾರು 30 ಕೆ.ಜಿ. ತೂಗುವ ಮಕ್ಕಳ ಗುಂಪಿನ ಮಧ್ಯಾಂಕ (ಎಲ್ಲರ ಅಂಕಿಗಳನ್ನು ಏರಿಕೆಯ ಸಾಲಿನಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) 180 ಇದ್ದರೆ ಅವರು ದಿನಕ್ಕೆ 127 ಮೈಕ್ರೋಗ್ರಾಂ ತಿನ್ನುತ್ತಿದ್ದಾರೆ ಎಂದಾಯಿತು. ಆರರಿಂದ ಹನ್ನೆರಡರ ವಯಸ್ಸಿಗೆ ಬೇಕಾದದ್ದು 120, ಸರಿಹೋಯಿತು. ಜೊಲ್ಲಿನದು ಹಾಗಲ್ಲ. ಅದನ್ನು ನಾವು ನುಂಗುತ್ತೇವೆ, ಅದರಲ್ಲಿನ ಅಯೋಡೈಡನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ, ಮತ್ತೆ ರಕ್ತ, ಮತ್ತೆ ಬಾಯಿ. ಮೂತ್ರ ತೋರಿಸುವುದು ಖರ್ಚಿನ ಲೆಕ್ಕ. ಜೊಲ್ಲು ನೋಡುವುದೆಂದರೆ ಜೇಬಿಗೆ ಕೈಹಾಕಿ ಸದ್ಯ ಎಷ್ಟಿದೆ ಎಂದು ತಡಕಿದಂತೆ. ಎರಡೂ ಉಪಯುಕ್ತವೇ, ಒಂದರ ಅಂಕಿಯನ್ನು ಇನ್ನೊಂದರ ಕಾಲಂನಲ್ಲಿ ಬರೆಯುವಂತಿಲ್ಲ.

ಈಗ ಪ್ರಯೋಗಾಲಯಕ್ಕೆ ಬರೋಣ. ನಮ್ಮಲ್ಲಿ ಐಸಿಪಿ-ಎಂಎಸ್ ಇಲ್ಲ. ನಾವು ಇಂದಿಗೂ ನೆಚ್ಚಿರುವುದು 1930ರ ದಶಕದ ಸ್ಯಾಂಡೆಲ್-ಕೋಲ್ಟಾಫ್ ಕ್ರಿಯೆಯನ್ನು. ಸೀರಿಯಂ ದ್ರಾವಣ ಹಳದಿ. ಆರ್ಸೀನಿಯಸ್ ಆಮ್ಲದ ಜೊತೆ ಬೆರೆತರೆ ಆ ಹಳದಿ ಮೆಲ್ಲಗೆ ಬಣ್ಣಗೆಡುತ್ತದೆ, ಅಯೋಡೈಡ್ ಇದ್ದರೆ ಬೇಗ ಬಣ್ಣಗೆಡುತ್ತದೆ. ಎಷ್ಟು ಬೇಗ ಎಂಬುದರಲ್ಲಿ ಅಯೋಡಿನ್ ಎಷ್ಟು ಎಂಬ ಉತ್ತರವಿದೆ. ಅದಕ್ಕೂ ಮೊದಲು ಮಾದರಿಯನ್ನು ಅಮೋನಿಯಂ ಪರ್‌ಸಲ್ಫೇಟ್ ಜೊತೆ ಒಂದು ಗಂಟೆ ಕಾಯಿಸಬೇಕು. ಇಲ್ಲದಿದ್ದರೆ ಬೇರೆ ವಸ್ತುಗಳೂ ಆ ಹಳದಿಯನ್ನು ತಿಂದು ಅಯೋಡಿನ್ ವೇಷ ಹಾಕಿಕೊಂಡು ಬರುತ್ತವೆ. ಜೊಲ್ಲಿನಲ್ಲಿ ಅಂಥ ವೇಷಧಾರಿ ಥಯೋಸಯನೇಟ್. ಬೀಡಿ, ಸಿಗರೇಟು ಸೇದುವವರ ಜೊಲ್ಲಿನಲ್ಲಂತೂ ಅದು ಇನ್ನೂ ಹೆಚ್ಚು. ಅದರ ತಂಟೆ ಎರಡು ಕಡೆಯದು: ಪರೀಕ್ಷೆಯಲ್ಲಿ ಮೋಸ ಮಾಡುವುದಲ್ಲದೆ, ಗ್ರಂಥಿಯ ಬಾಗಿಲಿನಲ್ಲಿ ಆ ಸಿಂಪೋರ್ಟರ್‌ಗೇ ಅಡ್ಡ ನಿಂತು ಅಯೋಡೈಡ್ ಒಳಬರದಂತೆ ತಡೆಯುತ್ತದೆ. ಮಕ್ಕಳ ಸಮೀಕ್ಷೆಯಲ್ಲಿ ಇದು ದೊಡ್ಡ ಚಿಂತೆಯಲ್ಲ, ವಯಸ್ಕರದ್ದಾದರೆ ಸೇದುವ ಅಭ್ಯಾಸವನ್ನು ಕೇಳಿ ಬರೆದುಕೊಳ್ಳಲೇಬೇಕು.

ಮೂತ್ರಕ್ಕೆ ಒಗ್ಗಿದ ಕೈಗೆ ಜೊಲ್ಲು ಮೊದಲ ದಿನವೇ ಪಾಠ ಕಲಿಸಿತು. ಪಿಪೆಟ್‌ನಲ್ಲಿ 250 ಮೈಕ್ರೋಲೀಟರ್ ಎಳೆದೆ, ಮೇಲೆತ್ತಿದೆ. ಪಿಪೆಟ್‌ನ ತುದಿಯಿಂದ ಕೊಳವೆಯವರೆಗೆ ಒಂದು ಎಳೆ ಜೋತುಬಿತ್ತು. ಇನ್ನೂ ಎತ್ತಿದೆ, ಎಳೆಯೂ ಉದ್ದವಾಯಿತು. ಕೊಡವಿದರೆ ಪಿಪೆಟ್‌ನೊಳಗಿದ್ದದ್ದೂ ಎಳೆಯ ಹಿಂದೆಯೇ ಜಾರಿ ಕೊಳವೆಗೆ ವಾಪಸಾಯಿತು. ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ, "ಅಕ್ಕಾ, ಅದು ಮನೆ ಬಿಟ್ಟು ಬರಲು ಒಪ್ಪುತ್ತಿಲ್ಲ" ಎಂದು ನಕ್ಕಳು. ಒಂದೇ ಮಾದರಿಯನ್ನು ಮೂರು ಸಲ ಅಳೆದರೆ ಮೂರು ಉತ್ತರ. ಕೊನೆಗೆ ಒಂದು ರಾತ್ರಿ ಹೆಪ್ಪುಗಟ್ಟಿಸಿ, ಕರಗಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೆ ಲೋಳೆಯೆಲ್ಲ ಬಿಳಿಯ ಗಸಿಯಾಗಿ ತಳ ಸೇರಿತು, ಮೇಲಿನದು ನೀರಿನಂತೆ ಪಿಪೆಟ್‌ಗೆ ಬಂತು. ಆಮೇಲೆ ಮೂರು ಸಲದ ಉತ್ತರಗಳೂ ಹತ್ತಿರ ಹತ್ತಿರ ನಿಂತವು, ಕಂಪನಿಯ ಯಂತ್ರ ಕೊಟ್ಟ ಅಂಕಿಗಳಿಗೂ ನಮ್ಮವಕ್ಕೂ ಹೇಳಿಕೊಳ್ಳುವಂಥ ಜಗಳವಿರಲಿಲ್ಲ. ಈ ವಿಷಯದಲ್ಲಿ ಅವರ ಪ್ರಯೋಗಾಲಯಕ್ಕೆ ನಾನು ಒಳ್ಳೆಯ ಅಂಕ ಕೊಡುತ್ತೇನೆ.

ಕೊಳವೆಗೂ ಕೊಡುತ್ತೇನೆ. ಶುದ್ಧ ನೀರನ್ನು ಕೊಳವೆಯಲ್ಲಿ ಒಂದು ರಾತ್ರಿ ಇಟ್ಟು ಅಳೆದೆ, ಅಯೋಡಿನ್ ಇಲ್ಲ. ಹತ್ತಿಯ ಸುರುಳಿಗೆ ಮಾತ್ರ ಕೊಡಲಾರೆ. ಅದೇ ನೀರನ್ನು ಸುರುಳಿಗೆ ಕುಡಿಸಿ ಹಿಂಡಿ ಅಳೆದಾಗ ಹಳದಿ ಬಣ್ಣ ಇಳಿಯತೊಡಗಿತು. ಎಲ್ಲಿಂದಲೋ ಏನೋ ಸೇರಿದೆ. ಆ ಪೊಟ್ಟಣಗಳನ್ನು ಕಪಾಟಿನ ಮೇಲೆ ಎಸೆದಿದ್ದೇನೆ, ಅಲ್ಲೇ ಇವೆ.

ಹೊರಗಿನಿಂದ ಅಯೋಡಿನ್ ಸೇರುವ ಮಾತು ಬಂದದ್ದರಿಂದ ಒಂದು ಹುಡುಗನ ಕತೆ ಹೇಳಬೇಕು. ಒಂದು ಮಾದರಿಯ ಉತ್ತರ ನಮ್ಮ ಅಳತೆಯ ಗೆರೆಯನ್ನೆಲ್ಲ ದಾಟಿ ಹೋಗಿತ್ತು. ಸೀರಿಯಂ ಹಾಕುವುದೇ ತಡ, ಹಳದಿ ಮಾಯ. ನೂರು ಪಟ್ಟು ತೆಳುಮಾಡಿದರೂ ಹಾಗೆಯೇ. ಕಂಪನಿಯವರ ವರದಿಯಲ್ಲಿ ಆ ಸಾಲಿಗೆ "ಅತ್ಯಧಿಕ" ಎಂದು ಮುದ್ರೆ. ಶಾಲೆಗೆ ಹೋಗಿ ವಿಚಾರಿಸಿದೆ. ಆ ಹುಡುಗ ಹಿಂದಿನ ದಿನ ಬಿದ್ದು ಮೊಣಕಾಲು ತರಚಿಕೊಂಡಿದ್ದ, ಗಾಯಕ್ಕೆ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಹಚ್ಚಿದ್ದರು. ನಾನು ಸೂಚನೆ ಓದುತ್ತಿದ್ದಷ್ಟು ಹೊತ್ತೂ ಅವನು ಪಟ್ಟಿಯನ್ನು ಬಿಚ್ಚಿ ಗಾಯ ಮುಟ್ಟಿ ನೋಡುತ್ತಿದ್ದನಂತೆ, ಅದೇ ಬೆರಳಿನಿಂದ ಸ್ಟ್ರಾದ ತುದಿ ಹಿಡಿದಿದ್ದ. ಲೆಕ್ಕ ಹಾಕಿ ನೋಡಿ: ಶೇ. 10ರ ಆ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಹತ್ತು ಮಿಲಿಗ್ರಾಂನಷ್ಟು ಅಯೋಡಿನ್ ಇರುತ್ತದೆ. ಸೂಜಿಯ ಮೊನೆಯಷ್ಟು, ಅಂದರೆ ಒಂದೇ ಮೈಕ್ರೋಲೀಟರ್, ಒಂದು ಮಿಲಿಲೀಟರ್ ಜೊಲ್ಲಿಗೆ ಬಿದ್ದರೆ ಲೀಟರಿಗೆ 10,000 ಮೈಕ್ರೋಗ್ರಾಂ ಎಂದು ಯಂತ್ರ ಹೇಳುತ್ತದೆ. ಯಂತ್ರ ಸುಳ್ಳು ಹೇಳಿಲ್ಲ, ಕೊಳವೆಯಲ್ಲಿ ಅಷ್ಟು ಇದ್ದದ್ದು ನಿಜ. ಅದೇ ಔಷಧಿಯಿಂದ ಬಾಯಿ ಮುಕ್ಕಳಿಸುವವರೂ ಇದ್ದಾರೆ, ಅವರ ಕತೆ ಇನ್ನೂ ಸೊಗಸಾಗಿರುತ್ತದೆ. ಗಾಯದ ಔಷಧಿ, ಬಾಯಿ ಮುಕ್ಕಳಿಸುವ ಔಷಧಿ, ಅಯೋಡಿನ್ ಇರುವ ಹೃದಯದ ಮಾತ್ರೆ, ಇತ್ತೀಚೆಗೆ ಮಾಡಿಸಿದ ಸ್ಕ್ಯಾನಿನ ಚುಚ್ಚುಮದ್ದು ಇವುಗಳ ಬಗ್ಗೆ ನಾಲ್ಕು ಪ್ರಶ್ನೆ ಸೂಚನೆಯ ಹಾಳೆಯಲ್ಲಿ ಇರಲೇಬೇಕಿತ್ತು. ಇಲ್ಲ.

ಇವೆಲ್ಲ ಸಣ್ಣಪುಟ್ಟವು, ತಿದ್ದಿಕೊಳ್ಳಬಹುದು. ನನಗೆ ತಡೆಯಲಾಗದ ಸಿಟ್ಟು ಬಂದದ್ದು ವರದಿಯ ಕೊನೆಯ ಕಾಲಂ ನೋಡಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2007ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಂದು ಕೋಷ್ಟಕವಿದೆ. ನಮ್ಮಂಥವರ ಮೇಜಿನ ಗಾಜಿನ ಕೆಳಗೆ ಅದು ಇದ್ದೇ ಇರುತ್ತದೆ. ಶಾಲಾ ಮಕ್ಕಳ ಮೂತ್ರದ ಅಯೋಡಿನ್ ಮಧ್ಯಾಂಕ ಲೀಟರಿಗೆ 100ರಿಂದ 199 ಮೈಕ್ರೋಗ್ರಾಂ ಇದ್ದರೆ ಆ ಸಮುದಾಯಕ್ಕೆ ಸಾಕಷ್ಟು ಸಿಗುತ್ತಿದೆ, 100ಕ್ಕಿಂತ ಕೆಳಗಿದ್ದರೆ ಕೊರತೆ, 20ಕ್ಕಿಂತ ಕೆಳಗಾದರೆ ತೀವ್ರ ಕೊರತೆ, 300 ಮುಟ್ಟಿದರೆ ಅತಿಯಾಯಿತು. ಗರ್ಭಿಣಿಯರಿಗೆ ಮಿತಿಯೇ ಬೇರೆ, ಅಲ್ಲಿ 150ರಿಂದ 249. ಈ ಕೋಷ್ಟಕದಲ್ಲಿ ಎರಡು ಪದಗಳು ಮುಖ್ಯ. ಒಂದು ಮೂತ್ರ, ಇನ್ನೊಂದು ಮಧ್ಯಾಂಕ. ಅಂದರೆ ಇದು ಗುಂಪಿನ ಮಾತು, ಒಬ್ಬರ ಮಾತಲ್ಲ. ಒಬ್ಬ ವ್ಯಕ್ತಿಯ ಮೂತ್ರದ ಅಂಕಿಯನ್ನೇ ಒಂದಿಷ್ಟು ನಂಬಬೇಕಾದರೂ ಬೇರೆ ಬೇರೆ ದಿನದ ಹತ್ತು ಮಾದರಿಗಳಾದರೂ ಬೇಕು. ಜೊಲ್ಲಿಗಾದರೋ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಿತಿಯನ್ನೇ ಕೊಟ್ಟಿಲ್ಲ.

ನಮ್ಮ ಕಂಪನಿ ಮಾಡಿದ್ದೇನು? ಅದೇ ಕೋಷ್ಟಕವನ್ನು ಎತ್ತಿಕೊಂಡು, ಮೂತ್ರ ಎಂಬ ಪದವನ್ನು ತೆಗೆದು ಲಾಲಾರಸ ಎಂದು ಹಾಕಿ, ಮಧ್ಯಾಂಕ ಎಂಬ ಪದವನ್ನು ಸದ್ದಿಲ್ಲದೆ ಕೈಬಿಟ್ಟು, ಪ್ರತಿ ಮಗುವಿನ ಹೆಸರಿನ ಮುಂದೆ "ಸಾಕಷ್ಟು", "ಕೊರತೆ" ಎಂದು ಮುದ್ರಿಸಿದ್ದಾರೆ. ಕೊರತೆ ಎಂಬುದು ಕೆಂಪು ಅಕ್ಷರದಲ್ಲಿ. ಮೇಲಾಗಿ ನಮ್ಮನ್ನು ಒಂದು ಮಾತೂ ಕೇಳದೆ ಪ್ರತಿಗಳನ್ನು ನೇರವಾಗಿ ಮನೆಗಳಿಗೆ ಕಳುಹಿಸಿದ್ದಾರೆ.

ಮೂರನೇ ದಿನ ಒಬ್ಬ ತಾಯಿ ವರದಿಯನ್ನು ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದರು. "ಮೇಡಂ, ಮಗಳಿಗೆ ಥೈರಾಯ್ಡ್ ಬಂದಿದೆಯೇ?" ಥೈರಾಯ್ಡ್ ಎಲ್ಲರಿಗೂ ಇರುತ್ತದೆ ಎಂಬ ನಮ್ಮ ಪ್ರಯೋಗಾಲಯದ ಹಳೆಯ ನಗೆಮಾತು ನಾಲಗೆಯ ತುದಿಗೆ ಬಂದರೂ ನುಂಗಿಕೊಂಡೆ, ಆ ಮುಖದ ಮುಂದೆ ಅದು ಆಡುವ ಮಾತಲ್ಲ. ಹಾಳೆ ಬಿಡಿಸಿದರೆ, ಉಗುಳಿದರೆ ಬೈಯುತ್ತೀರಿ ಎಂದಿದ್ದ ಅದೇ ಹುಡುಗಿ. ಅಂಕಿ 84, ಕೆಂಪು. ಆಕೆ ಆಗಲೇ ಔಷಧಿ ಅಂಗಡಿಗೆ ಹೋಗಿ ಅಯೋಡಿನ್ ಮಾತ್ರೆ ಇದೆಯೇ ಎಂದು ವಿಚಾರಿಸಿ ಬಂದಿದ್ದರು. ಇದು ನಿಮ್ಮ ಮಗಳ ಕಾಯಿಲೆಯ ಚೀಟಿಯಲ್ಲ, ಇಡೀ ಶಾಲೆಯ ಲೆಕ್ಕದಲ್ಲಿ ಒಂದು ಗೆರೆ ಅಷ್ಟೇ ಎಂದು ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಒಪ್ಪಿಕೊಂಡಂತೆ ತಲೆಯಾಡಿಸಿದರು. ಹೋಗುವಾಗ ಮತ್ತೆ ಬಾಗಿಲಲ್ಲಿ ನಿಂತು, "ಹಾಗಾದರೆ ಕೆಂಪು ಬಣ್ಣದಲ್ಲಿ ಏಕೆ ಬರೆದಿದ್ದಾರೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಅಂದೇ ಒಂದು ಹಟ ಹಿಡಿಯಿತು. ಮರುದಿನ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಆರು ಕೊಳವೆಗಳಲ್ಲಿ ನನ್ನದೇ ಜೊಲ್ಲು ಹಿಡಿದೆ, ಎಲ್ಲ ನಿಯಮ ಪಾಲಿಸಿ. ಅತಿ ಕಡಿಮೆ ಬಂದದ್ದಕ್ಕೂ ಅತಿ ಹೆಚ್ಚು ಬಂದದ್ದಕ್ಕೂ ಎರಡು ಪಟ್ಟಿಗಿಂತ ಹೆಚ್ಚಿನ ಅಂತರ. ಕಂಪನಿಯ ಕೆಂಪು ಕೋಷ್ಟಕವನ್ನು ನಂಬುವುದಾದರೆ ನನಗೆ ಬೆಳಗಿನ ತಿಂಡಿಗೆ ಮುಂಚೆ ಅಯೋಡಿನ್ ಕೊರತೆ ಇತ್ತು, ಮಧ್ಯಾಹ್ನದ ಹೊತ್ತಿಗೆ ವಾಸಿಯಾಯಿತು, ರಾತ್ರಿ ಮರುಕಳಿಸಿತು.

ಆ ಆರು ಅಂಕಿಗಳನ್ನು ಬರೆದ ಹಾಳೆಯನ್ನು ಇಟ್ಟುಕೊಂಡೇ ಕಂಪನಿಯ ಪ್ರತಿನಿಧಿಗೆ ಫೋನ್ ಮಾಡಿದೆ. ಸಭ್ಯ ಯುವಕ. "ಗ್ರಾಹಕರಿಗೆ ಬರೀ ಅಂಕಿ ಕೊಟ್ಟರೆ ಅರ್ಥವಾಗುವುದಿಲ್ಲ ಮೇಡಂ, ಅದಕ್ಕೇ ಒಂದು ತೀರ್ಪು ಹಾಕಿದ್ದೇವೆ" ಎಂದ. ತೀರ್ಪು ಕೊಡಲು ಕಾನೂನು ಬೇಕಲ್ಲಪ್ಪ, ಅದು ಎಲ್ಲಿದೆ ಎಂದು ಕೇಳಿದೆ. ಮೇಲಿನವರಿಗೆ ತಿಳಿಸುತ್ತೇನೆ ಎಂದ. ಮೂತ್ರದ ಅಯೋಡಿನ್ ಅಳೆಯುವ ಪ್ರಯೋಗಾಲಯಗಳನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2001ರಿಂದ ಈಕ್ವಿಪ್ ಎಂಬ ಕಾರ್ಯಕ್ರಮದಡಿ ಪರೀಕ್ಷಿಸುತ್ತ ಬಂದಿದೆ. ಗುರುತು ತಿಳಿಸದ ಮಾದರಿ ಕಳುಹಿಸಿ, ಉತ್ತರ ಸರಿಯೇ ಎಂದು ನೋಡುತ್ತದೆ. ನೀವು ಜೊಲ್ಲಿನ ಅಳತೆಯನ್ನು ಯಾವುದರ ಜೊತೆ ಹೋಲಿಸಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೂ ಅದೇ ಉತ್ತರ, ಮೇಲಿನವರಿಗೆ ತಿಳಿಸುತ್ತೇನೆ. ಮೇಲಿನವರು ಬಹಳ ಮೇಲೆ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಮುಂದಿನ ಸಮೀಕ್ಷೆಗೆ ಈ ಕಿಟ್ ತರಿಸುತ್ತೀರಾ ಎಂದು ಕೇಳಿದರೆ, ತರಿಸುತ್ತೇನೆ. ಮೂತ್ರವೇನೂ ದೇವರ ತೀರ್ಥವಲ್ಲ. ಒಂದು ಚೊಂಬು ನೀರು ಕುಡಿದು ಬಂದ ಮಗುವಿನ ಮೂತ್ರ ತೆಳ್ಳಗಿರುತ್ತದೆ, ಬಿಸಿಲಲ್ಲಿ ಆಡಿ ಬಂದದ್ದರದು ಗಟ್ಟಿಯಾಗಿರುತ್ತದೆ, ಅಯೋಡಿನ್ ಅಂಕಿಯೂ ಅದರ ಜೊತೆ ಕುಣಿಯುತ್ತದೆ. ಮೂತ್ರ ಕೊಡಲು ಒಪ್ಪದವರನ್ನು ನಾವು ಲೆಕ್ಕದಿಂದಲೇ ಬಿಡುತ್ತೇವೆ. ಹಾಗೆ ಬಿಟ್ಟುಹೋಗುವವರಲ್ಲಿ ಬೆಳೆಯುತ್ತಿರುವ ಹೆಣ್ಣುಮಕ್ಕಳೇ ಹೆಚ್ಚು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದೆ ಗರ್ಭಿಣಿಯರಾದಾಗ ದಿನಕ್ಕೆ 250 ಮೈಕ್ರೋಗ್ರಾಂ ಬೇಕಾಗುವುದು ಅವರಿಗೇ. ಅವರ ಸುದ್ದಿ ಹೇಳುವ ಕೊಳವೆಯನ್ನು ಕೆಟ್ಟ ವರದಿಯ ಸಿಟ್ಟಿಗೆ ಎಸೆಯಲಾರೆ. ಆದರೆ ಜೊಲ್ಲಿನ ಜೊತೆ ಅದೇ ಶಾಲೆಯಲ್ಲಿ ಒಪ್ಪಿದವರ ಮೂತ್ರವನ್ನೂ ತೆಗೆದುಕೊಳ್ಳುತ್ತೇನೆ. ಎರಡನ್ನೂ ಒಂದೇ ಹೊತ್ತಿಗೆ, ಎಲ್ಲ ಶಾಲೆಗಳಲ್ಲೂ ಅದೇ ಗಂಟೆಗೆ. ಎರಡು ಅಂಕಿಗಳು ಒಂದರ ಜೊತೆ ಒಂದು ಹೇಗೆ ನಡೆಯುತ್ತವೆ ಎಂಬುದು ಹತ್ತಾರು ಕಡೆ ಹೀಗೆ ಗೊತ್ತಾಗುತ್ತ ಹೋದರೆ ಜೊಲ್ಲಿಗೂ ಒಂದು ಕೋಷ್ಟಕ ಎಂದಾದರೂ ಬಂದೀತು.

ನಕ್ಷತ್ರ ಕೊಡಲೇಬೇಕು ಎಂದರೆ ಕೊಳವೆಗೆ ಐದು, ಪ್ರಯೋಗಾಲಯದ ಅಳತೆಗೆ ನಾಲ್ಕು, ಸೂಚನೆಯ ಹಾಳೆಗೆ ಎರಡು, ಹತ್ತಿಯ ಸುರುಳಿಗೂ ವರದಿಗೂ ಸೊನ್ನೆ. ತಮ್ಮ ಮಗುವಿಗೆ ಅಯೋಡಿನ್ ಸಾಕೋ ಸಾಲದೋ ಎಂದು ತಿಳಿಯಲು ಮನೆಗೆ ಇದನ್ನು ತರಿಸಬೇಕೆಂದಿರುವವರು ದಯವಿಟ್ಟು ತರಿಸಬೇಡಿ. ಅನುಮಾನವಿದ್ದರೆ ವೈದ್ಯರ ಬಳಿ ಹೋಗಿ ರಕ್ತದಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಕಂಪನಿಯ ಮೇಲಿನವರಿಂದ ಇನ್ನೂ ಉತ್ತರ ಬಂದಿಲ್ಲ. ಮನೆಗಳಿಗೆ ನೇರವಾಗಿ ವರದಿ ಕಳುಹಿಸುವುದನ್ನು ಮಾತ್ರ ನಿಲ್ಲಿಸಿದ್ದಾರೆ, ಈಗ ಎಲ್ಲವೂ ನಮ್ಮ ಕಚೇರಿಗೆ ಬರುತ್ತವೆ. ಬಂದ ಪ್ರತಿಯ ಕೊನೆಯ ಕಾಲಂ ಮೇಲೆ ಒಂದು ಬಿಳಿ ಹಾಳೆಯ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನೇ ಶಾಲೆಗೆ ಕೊಡುತ್ತಿದ್ದೇನೆ.